ವಾಹನ ಪ್ರಶ್ನೋತ್ತರ: ಪೆಟ್ರೋಲ್ ಆವಿ ಸೋರುತ್ತಿರುವುದು ಎಲ್ಲಿಂದ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿನಲ್ಲಿ ಕೆಲವು ವಾರಗಳಿಂದ ಚೆಕ್ ಎಂಜಿನ್ ದೀಪ ಉರಿಯುತ್ತಿದೆ. ಓಟದಲ್ಲಾಗಲಿ ಮೈಲೇಜಿನಲ್ಲಾಗಲಿ ವ್ಯತ್ಯಾಸವಿಲ್ಲ. ಆದರೆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದಾಗ ಪೆಟ್ರೋಲಿನ ವಾಸನೆ ಬರುತ್ತದೆ. ಸ್ಕ್ಯಾನರ್ ಪಿ 0456 ಎಂಬ ಕೋಡ್ ತೋರಿಸಿತು. ವರ್ಕ್‌ಶಾಪಿನವರು ಪೆಟ್ರೋಲ್ ಆವಿಯನ್ನು ಹಿಡಿದಿಡುವ ಡಬ್ಬಿಯಾದ ಕ್ಯಾನಿಸ್ಟರ್ ಬದಲಿಸಬೇಕೆನ್ನುತ್ತಾರೆ. ತಲಪಾಡಿ ಗಡಿಯಾಚೆ ಕರ್ನಾಟಕದಲ್ಲಿ ಪೆಟ್ರೋಲಿಗೆ ದರ ಕಡಿಮೆಯೆಂದು ಅಲ್ಲಿಗೆ ಹೋದಾಗಲೆಲ್ಲ ಟ್ಯಾಂಕಿಯ ಬಾಯಿಯವರೆಗೆ ತುಂಬಿಸುತ್ತೇನೆ. ಅದೇನಾದರೂ ಕಾರಣವಾಗಿರಬಹುದೇ?
— ಓದುಗರೊಬ್ಬರು, ಕುಂಬಳೆ

ಉತ್ತರ: ಕ್ಯಾನಿಸ್ಟರನ್ನು ಈಗಲೇ ಬದಲಿಸಬೇಡಿ. ಪಿ 0456 ಹೇಳುವುದು ಆವಿಯ ಮಾರ್ಗದಲ್ಲಿ ಎಲ್ಲೋ ಅತಿ ಸಣ್ಣ ಸೋರಿಕೆಯಿದೆ ಎಂದಷ್ಟೇ. ಯಾವ ಭಾಗ ಕೆಟ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಸುಮಾರು ಅರ್ಧ ಮಿಲಿಮೀಟರ್ ವ್ಯಾಸದ ತೂತು ಕೂಡ ಈ ಕೋಡ್ ಬರಲು ಸಾಕು.

ಟ್ಯಾಂಕಿಯಲ್ಲಿ ಏಳುವ ಆವಿ ಹೊರಗೆ ಹೋಗದಂತೆ ಕ್ಯಾನಿಸ್ಟರಿನೊಳಗಿನ ಇದ್ದಿಲು ಅದನ್ನು ಹೀರಿಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದುಕೊಂಡು ಆ ಆವಿ ಎಂಜಿನ್ನಿಗೆ ಸೇರಿ ಉರಿದುಹೋಗುತ್ತದೆ. ಸೋರಿಕೆ ಪರೀಕ್ಷಿಸುವಾಗ ಕಾರಿನ ಕಂಪ್ಯೂಟರ್ ಈ ಇಡೀ ಮಾರ್ಗವನ್ನು ಮುಚ್ಚಿ, ಒಳಗಿನ ಒತ್ತಡ ನಿಲ್ಲುತ್ತದೆಯೇ ಎಂದು ನೋಡುತ್ತದೆ.

ಹುಡುಕಾಟ ಟ್ಯಾಂಕಿಯ ಮುಚ್ಚಳದಿಂದ ಶುರುವಾಗಲಿ. ಅದರ ರಬ್ಬರ್ ವಾಷರಿನಲ್ಲಿ ಕೂದಲೆಳೆಯಂಥ ಬಿರುಕಿದ್ದರೂ, ಅದು ಕೂರುವ ಅಂಚಿನಲ್ಲಿ ಮಣ್ಣು ಹಿಡಿದಿದ್ದರೂ ಆವಿ ನುಸುಳುತ್ತದೆ. ಆಮೇಲೆ ಹಿಂಬದಿ ಚಕ್ರದ ಮೇಲಿನ ಪೆಟ್ರೋಲ್ ತುಂಬುವ ಕೊಳವೆಯನ್ನು ನೋಡಿಸಿ. ಅದು ಲೋಹದ್ದಾಗಿದ್ದರೆ, ಕಡಲಬದಿಯ ನಮ್ಮ ಊರುಗಳ ಉಪ್ಪುಗಾಳಿಯೂ ಮಳೆಗಾಲದ ಕೆಸರೂ ಸೇರಿ ಅದಕ್ಕೆ ತುಕ್ಕು ಹಿಡಿಸುತ್ತವೆ. ಮೇಲೆ ಮಣ್ಣು ಮೆತ್ತಿಕೊಂಡಿರುವುದರಿಂದ ತೊಳೆದು ನೋಡದೆ ತೂತು ಕಾಣುವುದಿಲ್ಲ. ತೋಟದ ಮನೆಯ ಶೆಡ್ಡಾದರೆ ಇಲಿಗಳನ್ನೂ ಮರೆಯುವಂತಿಲ್ಲ: ಆವಿಯ ಹೋಸುಗಳು ಬೆರಳಿನಷ್ಟು ದಪ್ಪ, ಅವುಗಳ ಮೇಲೆ ಸಾಲಾಗಿ ಹಲ್ಲಿನ ಗುರುತು ಕಂಡರೆ ಮುಂದಿನ ಹುಡುಕಾಟ ಬೇಕಿಲ್ಲ. ಹಿಂದಿನ ಸೀಟಿನಡಿ ಟ್ಯಾಂಕಿಯ ಪಂಪು ಕೂರುವ ಜಾಗದ ರಬ್ಬರ್ ಉಂಗುರವನ್ನೂ ಪರಿಶೀಲಿಸಬೇಕು, ಅದರಲ್ಲೂ ಪಂಪನ್ನು ಹಿಂದೆ ಎಂದಾದರೂ ಬಿಚ್ಚಿದ್ದರೆ.

ಪರ್ಜ್ ವಾಲ್ವನ್ನು ಪರೀಕ್ಷಿಸುವುದು ಸುಲಭ. ಎಂಜಿನ್ ತಣ್ಣಗಿರುವಾಗ ಕ್ಯಾನಿಸ್ಟರ್ ಕಡೆಯಿಂದ ಬರುವ ಹೋಸನ್ನು ವಾಲ್ವಿನಿಂದ ಬಿಡಿಸಿ, ಎಂಜಿನ್ ಚಾಲೂ ಮಾಡಿ, ವಾಲ್ವಿನ ಬಾಯಿಗೆ ಬೆರಳು ಹಿಡಿದರೆ ಎಳೆತ ಇರಕೂಡದು. ಇದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಪೆಟ್ರೋಲ್ ತುಂಬಿಸಿದ ಕೂಡಲೇ ಕಾರು ಸ್ಟಾರ್ಟ್ ಆಗಲು ತಕರಾರು ಮಾಡುವುದೂ ಇದರದ್ದೇ ಲಕ್ಷಣ.

ಇಷ್ಟರಲ್ಲಿ ಸಿಗದಿದ್ದರೆ ಹೊಗೆ ಪರೀಕ್ಷೆಯೇ ದಾರಿ. ಕ್ಯಾನಿಸ್ಟರಿಗೆ ಹೊರಗಿನ ಗಾಳಿ ಬರುವ ದಾರಿಯಾದ ವೆಂಟಿನ ವಾಲ್ವನ್ನು ಸ್ಕ್ಯಾನರಿನಿಂದ ಮುಚ್ಚಿಸಿ, ಯಂತ್ರದ ಹೊಗೆಯನ್ನು ಅರ್ಧ ಪಿಎಸ್‌ಐಯಷ್ಟು ಅಲ್ಪ ಒತ್ತಡದಲ್ಲಿ ಒಳಗೆ ಬಿಟ್ಟರೆ ತೂತಿರುವಲ್ಲಿ ಎಳೆಯಾಗಿ ಹೊರಬರುತ್ತದೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನು ಇದಕ್ಕೆ ಹಚ್ಚಲು ಯಾರಿಗೂ ಬಿಡಬೇಡಿ. ಆ ಒತ್ತಡಕ್ಕೆ ಇದ್ದ ಭಾಗಗಳೂ ಒಡೆಯುತ್ತವೆ, ಪೆಟ್ರೋಲ್ ಆವಿಗೆ ಗಾಳಿ ಬೆರೆತು ಬೆಂಕಿಯ ಅಪಾಯವೂ ಇದೆ. ಟ್ಯಾಂಕಿಯ ಕೆಳಗೆಲ್ಲಾದರೂ ಪೆಟ್ರೋಲಿನ ಹಸಿ ಕಂಡರೆ ಪರೀಕ್ಷೆ ಹಾಗಿರಲಿ, ಕಾರನ್ನು ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.

ಇನ್ನು ನಿಮ್ಮ ತಲಪಾಡಿ ರೂಢಿ. ಪಂಪಿನ ನಳಿಗೆ ತಾನಾಗಿ ನಿಂತ ಮೇಲೂ ಒತ್ತಿ ತುಂಬಿಸಿದರೆ, ಆವಿಗಾಗಿ ಬಿಟ್ಟ ಜಾಗವೂ ತುಂಬಿ, ಪೆಟ್ರೋಲ್ ದ್ರವವಾಗಿಯೇ ಕ್ಯಾನಿಸ್ಟರಿಗೆ ಹೋಗಬಹುದು. ನೆನೆದ ಇದ್ದಿಲು ಆವಿಯನ್ನು ಹಿಡಿಯಲಾರದೆ ವೆಂಟಿನ ಮೂಲಕ ಹೊರಗೆ ಬಿಡುತ್ತದೆ. ಶೆಡ್ಡಿನ ವಾಸನೆಗೆ ಇದು ಕಾರಣವಿರಬಹುದು. ಆದರೆ ತೂತಿಲ್ಲದ ಕ್ಯಾನಿಸ್ಟರಿನಿಂದ ಪಿ 0456 ಸಾಮಾನ್ಯವಾಗಿ ಬರುವುದಿಲ್ಲ. ಆದ್ದರಿಂದ ನಿಮ್ಮ ಕಾರಿನಲ್ಲಿ ಎರಡು ತೊಂದರೆಗಳು ಬೇರೆ ಬೇರೆಯಾಗಿ ಇರುವ ಸಾಧ್ಯತೆಯನ್ನು ಮೆಕ್ಯಾನಿಕ್ಕಿಗೆ ತಿಳಿಸಿ. ನಳಿಗೆ ಮೊದಲ ಸಲ ನಿಂತಲ್ಲಿಗೆ ಸಾಕು ಮಾಡಿ. ಆ ಮೇಲಿನ ಒಂದೆರಡು ಲೀಟರಿನಲ್ಲಿ ಉಳಿಯುವ ಹಣ ಕ್ಯಾನಿಸ್ಟರಿನ ಬೆಲೆಗೆ ಎಲ್ಲಿಗೂ ಸಾಲದು.

ಕೋಡನ್ನು ಅಳಿಸಿದರೆ ದೀಪ ಆರುತ್ತದೆ, ಭಾಗ ಬದಲಿಸಿದರೂ ಬದಲಿಸದಿದ್ದರೂ. ಹೆಚ್ಚಿನ ಕಾರುಗಳಲ್ಲಿ ಸೋರಿಕೆಯ ಪರೀಕ್ಷೆ ನಡೆಯುವುದು ಕಾರು ಹಲವು ಗಂಟೆ ನಿಂತು ತಣಿದಿದ್ದು, ಟ್ಯಾಂಕಿಯಲ್ಲಿ ಸುಮಾರು ಶೇಕಡಾ 15ರಿಂದ 85ರವರೆಗೆ ಪೆಟ್ರೋಲ್ ಇದ್ದಾಗ ಮಾತ್ರ. ಹೀಗಾಗಿ ದುರಸ್ತಿಯಾದ ಮೇಲೆ ಅರ್ಧ ಟ್ಯಾಂಕಿಯಲ್ಲೇ ಒಂದು ವಾರ ಓಡಿಸಿ, ಪರೀಕ್ಷೆ ಪೂರ್ತಿಯಾಗಿದೆಯೇ ಎಂದು ಸ್ಕ್ಯಾನರಿನಲ್ಲಿ ನೋಡಿಸಿದ ನಂತರವೇ ಬಿಲ್ಲಿನ ಬಾಕಿ ಹಣ ಕೊಡುವಂತೆ ಮಾತಾಡಿಕೊಳ್ಳಿ.