ದುಡಿಯುತ್ತ, ಮಕ್ಕಳನ್ನು ಸಾಕುತ್ತ ನರ್ಸ್ ಆಗುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಉತ್ತರ ಕನ್ನಡದ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ನರ್ಸಿಂಗ್ ಓದಿನವು. ನರ್ಸಿಂಗ್ ಬೋಧಕರು ಮತ್ತು ಹಿರಿಯ ಶುಶ್ರೂಷಾಧಿಕಾರಿಗಳು ಉತ್ತರಿಸಿದ್ದಾರೆ. ಪ್ರಶ್ನೆ ಕೇಳಿದವರ ಹೆಸರು ಹಾಕಿಲ್ಲ. ಎಎನ್‌ಎಂ ಎಂದರೆ ಆಕ್ಸಿಲರಿ ನರ್ಸ್ ಮಿಡ್‌ವೈಫ್ ಕೋರ್ಸು, ಜಿಎನ್‌ಎಂ ಎಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ.

ಪ್ರಶ್ನೆ: ಶಿರಸಿಯ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ಮಾಡುತ್ತೇನೆ. ವಯಸ್ಸು 29. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಓದು ನಿಂತಿತು. ಮಕ್ಕಳಿಗೆ 7 ಮತ್ತು 4 ವರ್ಷ. ಕೆಲಸ ಬಿಡದೆ ನರ್ಸ್ ಆಗಬಹುದೆ? ಎಎನ್‌ಎಂ ಸೇರಲೋ, ಜಿಎನ್‌ಎಂ ಸೇರಲೋ? ವಿಜ್ಞಾನ ಓದಲೇಬೇಕೆ?

ಉತ್ತರ: ನರ್ಸ್ ಆಗಬಹುದು. ಕೆಲಸವನ್ನು ಪೂರ್ತಿ ಬಿಡದೆ ಆಗುವುದಿಲ್ಲ. ಪಿಯುಸಿಯನ್ನು ದುಡಿಯುತ್ತಲೇ ಮುಗಿಸಬಹುದು. ಎಎನ್‌ಎಂ ಆಗಲಿ, ಜಿಎನ್‌ಎಂ ಆಗಲಿ ಪೂರ್ಣಾವಧಿಯ ಓದು. ಹಗಲು ತರಗತಿ, ಜೊತೆಗೆ ವಾರ್ಡ್ ಪೋಸ್ಟಿಂಗ್, ಅಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಪ್ರಾಯೋಗಿಕ ತರಬೇತಿ. ಆಗ ಸಂಬಳವಿಲ್ಲ ಎಂದೇ ಮನೆಯ ಲೆಕ್ಕ ಹಾಕಿ. ಅದು ಮುಗಿದು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ಸಿಕ್ಕರೆ ಮತ್ತೆ ದುಡಿಮೆ, ಆಮೇಲೆ ಬೇಕಿದ್ದರೆ ಪದವಿ. ಹಂತ ಹಂತವಾಗಿ ಎಂದರೆ ಹೀಗೆ: ದುಡಿಮೆ ಕೋರ್ಸುಗಳ ನಡುವಿನ ವರ್ಷಗಳಲ್ಲಿ, ಕೋರ್ಸಿನ ಒಳಗಲ್ಲ.

ಎಎನ್‌ಎಂಗೂ ಜಿಎನ್‌ಎಂಗೂ ದ್ವಿತೀಯ ಪಿಯುಸಿ ಬೇಕು, ಎರಡಕ್ಕೂ ಪ್ರವೇಶದ ವಯೋಮಿತಿ 17ರಿಂದ 35. ಎಎನ್‌ಎಂ 2 ವರ್ಷ, ಮಹಿಳೆಯರಿಗೆ ಮಾತ್ರ. ಜಿಎನ್‌ಎಂ 3 ವರ್ಷ. ಎಎನ್‌ಎಂ, ಜಿಎನ್‌ಎಂ, ಪೋಸ್ಟ್ ಬೇಸಿಕ್ ಬಿಎಸ್ಸಿ (ಜಿಎನ್‌ಎಂ ಆದವರು ಓದುವ ನರ್ಸಿಂಗ್ ಪದವಿ) ಎಂದು ಮೆಟ್ಟಿಲು ಹತ್ತಿದರೆ 2, 3, 2 ಸೇರಿ ಓದೇ 7 ವರ್ಷ. ನೇರ ಜಿಎನ್‌ಎಂ ಮಾಡಿ ಪೋಸ್ಟ್ ಬೇಸಿಕ್‌ಗೆ ಹೋದರೆ 5. ಎರಡೇ ವರ್ಷದಲ್ಲಿ ಸಂಪಾದನೆ ಶುರುವಾಗಲೇಬೇಕು ಅಥವಾ ಊರಿನ ಆರೋಗ್ಯ ಉಪಕೇಂದ್ರದ ಕೆಲಸವೇ ಬೇಕು ಎನ್ನುವವರಿಗೆ ಎಎನ್‌ಎಂ ಸರಿ. ನಿಮ್ಮ ವಯಸ್ಸಿಗೆ ನೇರ ಜಿಎನ್‌ಎಂ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. 30 ಅಥವಾ 31ಕ್ಕೆ ಪಿಯುಸಿ ಮುಗಿದರೆ 34ರ ಹೊತ್ತಿಗೆ ಕೈಯಲ್ಲಿ ಡಿಪ್ಲೊಮಾ ಇರುತ್ತದೆ. ಪಿಯುಸಿಯನ್ನು ಮಾತ್ರ ಇನ್ನು ಮುಂದೂಡಬೇಡಿ.

ವಿಜ್ಞಾನ ಕಡ್ಡಾಯವಲ್ಲ, ಇದ್ದರೆ ಆದ್ಯತೆ. ಕಲಾ ವಿಭಾಗದವರೂ ಜಿಎನ್‌ಎಂ ಸೇರಬಹುದು. 4 ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಮಾತ್ರ ಭೌತ, ರಸಾಯನ, ಜೀವಶಾಸ್ತ್ರ ಬೇಕೇ ಬೇಕು. ಕಲಾ ವಿಭಾಗದಿಂದ ಬಂದವರಿಗೆ ಪದವಿಯ ಬಾಗಿಲು ಜಿಎನ್‌ಎಂ ಆದ ಮೇಲೆ ಪೋಸ್ಟ್ ಬೇಸಿಕ್ ಮೂಲಕ ತೆರೆಯುತ್ತದೆ. ಕನ್ನಡದಲ್ಲೇ ಬರೆಯಬೇಕೆಂದಿದ್ದರೆ ರಾಜ್ಯ ಮಂಡಳಿಯ ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಕಲಾ ವಿಷಯಗಳಲ್ಲಿ ಬರೆಯಿರಿ. ಅರ್ಜಿ ತುಂಬುವುದು ಪಿಯು ಕಾಲೇಜಿನ ಮೂಲಕ, ಅದೂ ಪರೀಕ್ಷೆಗೆ ತಿಂಗಳುಗಳ ಮೊದಲೇ. ಹಾಗಾಗಿ ಮಳೆಗಾಲದಲ್ಲೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನ ಹನ್ನೆರಡನೇ ತರಗತಿಗೂ ಮಾನ್ಯತೆ ಇದೆ. ಅಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆ, ನೋಂದಣಿ 5 ವರ್ಷ ಚಾಲ್ತಿಯಲ್ಲಿರುತ್ತದೆ. ವಿಷಯಗಳನ್ನು ಒಂದೊಂದಾಗಿ ಮುಗಿಸುತ್ತ ಹೋಗಬಹುದು.

ಬಹಳ ಜನ ಎಡವುವುದು ಅಂಕದಲ್ಲಿ. ಎನ್‌ಐಒಎಸ್‌ನಲ್ಲಿ 33 ಬಂದರೆ ಪಾಸು. ಜಿಎನ್‌ಎಂಗೆ ಒಟ್ಟು ಶೇ. 40 ಬೇಕು, ಇಂಗ್ಲಿಷ್ ಒಂದರಲ್ಲೇ ಪ್ರತ್ಯೇಕವಾಗಿ ಶೇ. 40 ಬೇಕು. ಪಿಯುಸಿಯ 600ಕ್ಕೆ ಲೆಕ್ಕ ಹಾಕಿದರೆ 240. ಉಳಿದದ್ದರಲ್ಲೆಲ್ಲ 70 ತೆಗೆದು ಇಂಗ್ಲಿಷ್‌ನಲ್ಲಿ 36ಕ್ಕೆ ನಿಂತವರು ಪಾಸಾಗಿಯೂ ಜಿಎನ್‌ಎಂ ಅರ್ಜಿಯ ಹೊತ್ತಿಗೆ ಮರಳಿ ಬರುತ್ತಾರೆ. ಓದುವ ಸಮಯದ ಅರ್ಧವನ್ನು ಇಂಗ್ಲಿಷಿಗೇ ಇಡಿ.

ಜಿಎನ್‌ಎಂ ಶುರುವಾದ ಮೇಲಿನ ನಿಜವಾದ ಪರೀಕ್ಷೆ ಹಾಜರಿ. ಪರೀಕ್ಷೆಗೆ ಕೂರಲು ಪಾಠದಲ್ಲಿ ಶೇ. 80, ಪ್ರಾಯೋಗಿಕದಲ್ಲಿ ಶೇ. 80 ಹಾಜರಿ ಬೇಕು. ಡಿಪ್ಲೊಮಾ ಕೈಗೆ ಬರಬೇಕಾದರೆ ಪ್ರಾಯೋಗಿಕ ಗಂಟೆಗಳು ಶೇ. 100 ಆಗಲೇಬೇಕು, ತಪ್ಪಿಸಿದ ವಾರ್ಡ್ ದಿನಗಳನ್ನು ಆಮೇಲೆ ಮಾಡಿ ಮುಗಿಸಬೇಕು. ಆದ್ದರಿಂದ ಮಗುವಿಗೆ ಸಣ್ಣ ನೆಗಡಿ, ನೆಂಟರ ಮನೆಯ ಮದುವೆ, ಹಬ್ಬ ಎಂದು ಮೊದಲ ಆರು ತಿಂಗಳಲ್ಲೇ ರಜೆ ಖರ್ಚು ಮಾಡಬೇಡಿ. ನಿಜವಾದ ಜ್ವರ ಬಂದಾಗ ಆ ದಿನಗಳು ಬೇಕಾಗುತ್ತವೆ. ಬಿಡಲೇಬೇಕಾದರೆ ಪಾಠದ ದಿನ ಬಿಡಿ, ಪೋಸ್ಟಿಂಗ್ ದಿನ ಬೇಡ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು ಮಳೆ ರಜೆ. ಜೋರು ಮಳೆ ಹಿಡಿದಾಗ ಶಾಲೆ, ಅಂಗನವಾಡಿಗಳಿಗೆ ಜಿಲ್ಲಾಡಳಿತ ರಜೆ ಕೊಡುತ್ತದೆ. ಆಸ್ಪತ್ರೆಗೆ ರಜೆಯಿಲ್ಲ, ನಿಮ್ಮ ಪೋಸ್ಟಿಂಗೂ ನಿಲ್ಲದಿರಬಹುದು. ಬೆಳಿಗ್ಗೆ ಎದ್ದು ರಜೆ ಎಂದು ಗೊತ್ತಾದರೆ ಇಬ್ಬರು ಮಕ್ಕಳು ಯಾರ ಹತ್ತಿರ? ಅತ್ತೆ, ತಾಯಿ, ಪಕ್ಕದ ಮನೆಯವರು ಹೀಗೆ ಇಬ್ಬರನ್ನಾದರೂ ಮೊದಲೇ ಒಪ್ಪಿಸಿಟ್ಟುಕೊಳ್ಳಿ. ಒಬ್ಬರನ್ನೇ ನಂಬಿದರೆ ಅವರೂ ಹುಷಾರು ತಪ್ಪುವ ದಿನ ಬರುತ್ತದೆ. ಕಾಲೇಜು ಘಟ್ಟದ ಕೆಳಗಿದ್ದರೆ ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚುವ ದಿನಗಳಿಗೂ ಕುಮಟಾದಲ್ಲಿ ಉಳಿಯಲು ಒಂದು ಮನೆ ನೋಡಿಟ್ಟುಕೊಳ್ಳಿ. ಬಸ್ಸಿನ ಖರ್ಚು 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಉಳಿಯುತ್ತದೆ. ಬೆಳಗಿನ ಪಾಳಿಗೆ ಹೊತ್ತಿಗೆ ಮುಟ್ಟಿಸುವ ಬಸ್ಸು ನಿಮ್ಮೂರಿನಿಂದ ಇದೆಯೇ ಎಂಬುದನ್ನು ಮಾತ್ರ ಶುಲ್ಕ ಕಟ್ಟುವ ಮೊದಲೇ ಖಚಿತ ಮಾಡಿಕೊಳ್ಳಿ. ಮನೆಯಿಂದ ಓಡಾಡಲು ಬಿಡುತ್ತಾರೋ, ಹಾಸ್ಟೆಲ್ ಕಡ್ಡಾಯವೋ, ರಾತ್ರಿ ಪಾಳಿ ಯಾವ ವರ್ಷದಿಂದ ಎಂಬುದನ್ನೂ ಕೇಳಿ.

ಹಣಕ್ಕೆ ಬ್ಯಾಂಕಿನ ಶಿಕ್ಷಣ ಸಾಲವಿದೆ. 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡವು ಕೇಳುವಂತಿಲ್ಲ. ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ. ಬೋಧನಾ ಶುಲ್ಕವೊಂದನ್ನೇ ಕೇಳಿಕೊಂಡು ಬರಬೇಡಿ. ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ, ಬೇರೆ ಊರಿನ ಪೋಸ್ಟಿಂಗ್ ಖರ್ಚು ಎಲ್ಲ ಸೇರಿಸಿ ಮೂರು ವರ್ಷದ ಮೊತ್ತವನ್ನು ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ಸಿದ್ದಾಪುರ ಕಡೆಯ ಉಪಕೇಂದ್ರದಲ್ಲಿ ಗುತ್ತಿಗೆ ಮೇಲೆ ಎಎನ್‌ಎಂ ಆಗಿದ್ದೇನೆ. ವಯಸ್ಸು 38. ಜಿಎನ್‌ಎಂ ಸೇರಲು ಹೋದರೆ ವಯಸ್ಸು ಮೀರಿದೆ ಎಂದರು. ನಿಜವೆ?

ಉತ್ತರ: ನಿಜವಲ್ಲ. 35ರ ಮಿತಿ ಹೊಸಬರಿಗೆ. ನೋಂದಾಯಿತ ಎಎನ್‌ಎಂಗೆ ಜಿಎನ್‌ಎಂ ಪ್ರವೇಶದಲ್ಲಿ ವಯಸ್ಸಿನ ಅಡ್ಡಿ ಇಲ್ಲ ಎಂದು ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಲ್ಲೇ ಇದೆ. ಆ ಪುಟವನ್ನು ಮುದ್ರಿಸಿ, ನಿಮ್ಮ ಎಎನ್‌ಎಂ ನೋಂದಣಿ ಪತ್ರದ ಜೊತೆ ಅರ್ಜಿಗೆ ಲಗತ್ತಿಸಿ. ನೋಂದಣಿ ನವೀಕರಣ ಬಾಕಿಯಿದ್ದರೆ ಅದನ್ನು ಮೊದಲು ಮುಗಿಸಿ.

ಎರಡು ವಿಷಯ ತಿಳಿದೇ ಹೊರಡಿ. ಎಎನ್‌ಎಂ ಆಗಿದ್ದೀರಿ ಎಂದು ಜಿಎನ್‌ಎಂನಲ್ಲಿ ಒಂದು ವರ್ಷ ಕಡಿಮೆ ಮಾಡುವುದಿಲ್ಲ, ಮೊದಲ ವರ್ಷದಿಂದಲೇ ಕೂರಬೇಕು. ಇನ್ನೊಂದು, ಕೋರ್ಸಿಗೆ ಸೇರುವ ವಯಸ್ಸು ಬೇರೆ, ಸರ್ಕಾರಿ ಹುದ್ದೆಯ ವಯೋಮಿತಿ ಬೇರೆ. 41ಕ್ಕೆ ಜಿಎನ್‌ಎಂ ಮುಗಿಸಿದಾಗ ಕಾಯಂ ಶುಶ್ರೂಷಾಧಿಕಾರಿ ಹುದ್ದೆಗೆ ನಿಮ್ಮ ವರ್ಗಕ್ಕೆ ಅವಕಾಶ ಉಳಿದಿರುತ್ತದೆಯೇ ಎಂದು ಇತ್ತೀಚಿನ ನೇಮಕಾತಿ ಅಧಿಸೂಚನೆಯಲ್ಲಿ ನೋಡಿ. ಮಂಗನ ಕಾಯಿಲೆಯ ಸೀಮೆಯಲ್ಲಿ ಮನೆಮನೆ ತಿರುಗಿ ಜ್ವರದವರನ್ನು ಹುಡುಕಿದ ನಿಮ್ಮ ಅನುಭವಕ್ಕೆ ಸಮುದಾಯ ಆರೋಗ್ಯದ ಪಾಠದಲ್ಲಿ ನಿಜಕ್ಕೂ ಬೆಲೆಯಿದೆ. ಗುತ್ತಿಗೆ ಬಿಡುವ ಮೊದಲು ಸೇವಾ ಪ್ರಮಾಣಪತ್ರವನ್ನು ದಿನಾಂಕಗಳ ಸಮೇತ ಪಡೆದುಕೊಳ್ಳಿ.

ಪ್ರಶ್ನೆ: ಆರು ತಿಂಗಳ ನರ್ಸಿಂಗ್ ತರಬೇತಿ, ಕೆಲಸ ಖಚಿತ ಎಂಬ ಜಾಹೀರಾತು ಕುಮಟಾದಲ್ಲಿ ನೋಡಿದೆ. ಬೆಂಗಳೂರಿನಲ್ಲಿ ತರಗತಿಗೆ ಹೋಗದೆ ಜಿಎನ್‌ಎಂ ಮಾಡಿಸುತ್ತೇವೆ ಎಂದು ಏಜೆಂಟರೊಬ್ಬರು ಹೇಳಿದರು. ಯಾವುದು ವಾಸಿ?

ಉತ್ತರ: ಎರಡೂ ಬೇಡ. ಆರು ತಿಂಗಳ ಸರ್ಟಿಫಿಕೇಟಿನಿಂದ ಆರೈಕೆ ಸಹಾಯಕಿಯ ಕೆಲಸ ಸಿಗಬಹುದು. ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ಆಗುವುದಿಲ್ಲ, ಮುಂದಿನ ಮೆಟ್ಟಿಲಿಗೂ ಅದು ಲೆಕ್ಕಕ್ಕಿಲ್ಲ. ತರಗತಿಗೆ ಹೋಗದೆ ಮಾಡುವ ಜಿಎನ್‌ಎಂ ಕಾನೂನಿನಲ್ಲಿ ಇಲ್ಲವೇ ಇಲ್ಲ, ದೂರಶಿಕ್ಷಣದಲ್ಲೂ ಇಲ್ಲ. ಸುಳ್ಳು ಹಾಜರಿಯಲ್ಲಿ ಪಡೆದ ಡಿಪ್ಲೊಮಾ ಪರಿಶೀಲನೆಗೆ ಸಿಕ್ಕರೆ ಹಣ, ವರ್ಷ, ರಿಜಿಸ್ಟ್ರೇಷನ್ ಮೂರೂ ಹೋಗುತ್ತವೆ. ಅದಕ್ಕಿಂತ ದೊಡ್ಡ ಮಾತು, ಸೂಜಿ ಹಿಡಿಯಲು ಕಲಿಯದವರ ಕೈಗೆ ರೋಗಿಯನ್ನು ಕೊಟ್ಟಂತಾಗುತ್ತದೆ. ಯಾವುದೇ ಕಾಲೇಜಿಗೆ ಹಣ ಕಟ್ಟುವ ಮುನ್ನ ಆ ಶೈಕ್ಷಣಿಕ ವರ್ಷದ ಮಾನ್ಯತಾ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂದು ಭಾರತೀಯ ಶುಶ್ರೂಷಾ ಪರಿಷತ್ತು ಮತ್ತು ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಜಾಲತಾಣಗಳಲ್ಲಿ ನೋಡಿ. ಹಿಂದಿನ ವರ್ಷ ಇತ್ತು ಎಂಬುದು ಸಾಲದು. ಮೂಲ ಅಂಕಪಟ್ಟಿ ಕೊಟ್ಟರೆ ಸ್ವೀಕೃತಿ ಪತ್ರ ಪಡೆಯದೆ ಎದ್ದು ಬರಬೇಡಿ.

ಪ್ರಶ್ನೆ: ಜಿಎನ್‌ಎಂ ಆಗಿ ಹೊನ್ನಾವರದಲ್ಲಿ 4 ವರ್ಷದಿಂದ ಕೆಲಸ. ಕೆಲಸ ಬಿಡದೆ ಬಿಎಸ್ಸಿ ಮಾಡಲು ದಾರಿಯಿದೆಯೆ?

ಉತ್ತರ: ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಸೇವೆಯಲ್ಲಿರುವ ನರ್ಸ್‌ಗಳಿಗಾಗಿಯೇ ಇದೆ. ಕನಿಷ್ಠ 3 ವರ್ಷ, ಪ್ರವೇಶ ಪರೀಕ್ಷೆ ಉಂಟು, ರಿಜಿಸ್ಟ್ರೇಷನ್ ಆದ ನಂತರದ 2 ವರ್ಷದ ಅನುಭವ ಬೇಕು. ಪ್ರಾಯೋಗಿಕ ತರಗತಿಗೆ ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಲೇಬೇಕು. ಅರ್ಜಿ ಹಾಕುವಾಗಲೇ ಕೇಂದ್ರ ಯಾವ ಊರಿನಲ್ಲಿದೆ ನೋಡಿ, ಆ ದಿನಗಳಿಗೆ ರಜೆ ಕೊಡುತ್ತೇವೆ ಎಂದು ನಿಮ್ಮ ಆಸ್ಪತ್ರೆಯಿಂದ ಬರಹದಲ್ಲಿ ಪಡೆಯಿರಿ. ಅನುಭವ ಪತ್ರದಲ್ಲಿ ಸೇರಿದ ದಿನಾಂಕ ರಿಜಿಸ್ಟ್ರೇಷನ್ ದಿನಾಂಕಕ್ಕಿಂತ ಹಿಂದಿನದಿದ್ದರೆ ಆ ಅವಧಿ ಲೆಕ್ಕಕ್ಕೆ ಬಾರದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿಯ ಪೋಸ್ಟ್ ಬೇಸಿಕ್ 2 ವರ್ಷದ್ದೇ ಆದರೂ ಪೂರ್ಣಾವಧಿ, ಅದಕ್ಕೆ ಕೆಲಸ ಬಿಡಬೇಕು.

ಪ್ರಶ್ನೆ: ಅಂಕೋಲಾದವಳು, ಓದಿದ್ದು ಕನ್ನಡ ಮಾಧ್ಯಮ. ಜಿಎನ್‌ಎಂಗೆ ಸೀಟು ಸಿಕ್ಕಿದೆ. ಇಂಗ್ಲಿಷ್ ಪಾಠಕ್ಕಿಂತ ಔಷಧದ ಲೆಕ್ಕಕ್ಕೇ ಹೆದರಿಕೆ. ಹತ್ತು ವರ್ಷದಿಂದ ಲೆಕ್ಕ ಮಾಡಿಲ್ಲ.

ಉತ್ತರ: ಬೇಕಾಗುವುದು ಗುಣಾಕಾರ, ಭಾಗಾಕಾರ, ಏಕಮಾನ ಬದಲಿಸುವುದು, ಇಷ್ಟೇ. ತರಗತಿ ಶುರುವಾಗುವ ಮೊದಲೇ ಇವನ್ನು ಗಟ್ಟಿ ಮಾಡಿಕೊಳ್ಳಿ.

ಮೊದಲ ಲೆಕ್ಕ: ಬೇಕಾದ ಪ್ರಮಾಣವನ್ನು ಕೈಯಲ್ಲಿರುವ ಪ್ರಮಾಣದಿಂದ ಭಾಗಿಸಿ, ಅದು ಎಷ್ಟು ಮಿ.ಲೀ.ನಲ್ಲಿದೆಯೋ ಅದರಿಂದ ಗುಣಿಸಿ. ಜೆಂಟಾಮೈಸಿನ್ 2 ಮಿ.ಲೀ.ಯಲ್ಲಿ 80 ಮಿ.ಗ್ರಾಂ ಇದೆ, ವೈದ್ಯರು 60 ಬರೆದಿದ್ದಾರೆ. 60 ಭಾಗಿಸು 80, ಗುಣಿಸು 2, ಉತ್ತರ 1.5 ಮಿ.ಲೀ. ಮಕ್ಕಳಿಗೆ ತೂಕ ನೋಡಿ. 12 ಕಿಲೋ ಮಗುವಿಗೆ ಕಿಲೋಗೆ 15 ಮಿ.ಗ್ರಾಂನಂತೆ ಪ್ಯಾರಾಸಿಟಮಾಲ್ ಎಂದರೆ 180 ಮಿ.ಗ್ರಾಂ. 5 ಮಿ.ಲೀ.ಯಲ್ಲಿ 125 ಇರುವ ಸಿರಪ್ ಆದರೆ 7.2 ಮಿ.ಲೀ., 250 ಇರುವುದಾದರೆ 3.6. ಬಾಟಲಿಯ ಚೀಟಿ ಓದದೆ ಅಂದಾಜಿನಲ್ಲಿ ಕೊಟ್ಟರೆ ಪ್ರಮಾಣ ಇಮ್ಮಡಿಯಾಗುವುದು ಇಲ್ಲೇ.

ಡ್ರಿಪ್‌ಗೆ: ಒಟ್ಟು ಮಿ.ಲೀ.ಯನ್ನು ಸೆಟ್ಟಿನ ಹನಿ ಸಂಖ್ಯೆಯಿಂದ (ಮಿ.ಲೀ.ಗೆ ಎಷ್ಟು ಹನಿ) ಗುಣಿಸಿ, ನಿಮಿಷಗಳಿಂದ ಭಾಗಿಸಿ. 500 ಮಿ.ಲೀ. 4 ಗಂಟೆಯಲ್ಲಿ, ಸೆಟ್ಟು ಮಿ.ಲೀ.ಗೆ 20 ಹನಿಯದು. 10,000 ಭಾಗಿಸು 240, ನಿಮಿಷಕ್ಕೆ ಸುಮಾರು 42 ಹನಿ. ಗಂಟೆಯನ್ನು ನಿಮಿಷ ಮಾಡಲು ಮರೆಯುವುದು ಸಾಮಾನ್ಯ ತಪ್ಪು. ಹನಿ ಸಂಖ್ಯೆ ಸೆಟ್ಟಿನ ಪೊಟ್ಟಣದ ಮೇಲೇ ಮುದ್ರಿಸಿರುತ್ತದೆ. ಮಕ್ಕಳ ಮೈಕ್ರೊ ಸೆಟ್ಟಿನಲ್ಲಿ ಮಿ.ಲೀ.ಗೆ 60 ಹನಿ ಆದ್ದರಿಂದ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ.

ಹೆಚ್ಚು ಎಚ್ಚರ ಬೇಕಾದದ್ದು ಇನ್ಸುಲಿನ್. ನಮ್ಮಲ್ಲಿ ಮಿ.ಲೀ.ಗೆ 40 ಯೂನಿಟ್‌ನ ಸೀಸೆಯೂ ಇದೆ, 100ರದ್ದೂ ಇದೆ. ಸಿರಿಂಜೂ ಎರಡು ಬಗೆ: ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 20 ಯೂನಿಟ್ ಬರೆದಿದ್ದಾಗ 100ರ ಸೀಸೆಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಬರುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ರೋಗಿಯ ಸಕ್ಕರೆ ಅಂಶ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು. ಅದಲುಬದಲಾಗಿ 40ರ ಸೀಸೆಗೆ 100ರ ಸಿರಿಂಜ್ ಬಳಸಿದರೆ ಹೋಗುವುದು 8 ಯೂನಿಟ್ ಮಾತ್ರ. ಸೀಸೆಯ ಅಂಕಿ, ಸಿರಿಂಜಿನ ಅಂಕಿ ಜೋರಾಗಿ ಓದಿ, ಇನ್ನೊಬ್ಬರಿಗೆ ತೋರಿಸಿ, ಆಮೇಲೆ ಕೊಡಿ.

ಇಂಗ್ಲಿಷ್ ಪದಗಳನ್ನು ಇಡಿಯಾಗಿ ಉರು ಹೊಡೆಯಬೇಡಿ, ಒಡೆದು ಕಲಿಯಿರಿ. ಹೈಪರ್ ಎಂದರೆ ಹೆಚ್ಚು, ಹೈಪೊ ಎಂದರೆ ಕಡಿಮೆ, ಟ್ಯಾಕಿ ವೇಗ, ಬ್ರಾಡಿ ನಿಧಾನ, ಐಟಿಸ್ ಉರಿಯೂತ, ಎಕ್ಟಮಿ ತೆಗೆದುಹಾಕುವುದು. ಇಂಥ ನಲವತ್ತೈವತ್ತು ತುಂಡುಗಳು ಗೊತ್ತಿದ್ದರೆ ಮೊದಲ ವರ್ಷದ ಅಂಗರಚನೆಯ ಪಾಠ ಅರ್ಧ ಹಗುರವಾಗುತ್ತದೆ. ಪಾಸಿಗೆ ಪಾಠದಲ್ಲೂ ಪ್ರಾಯೋಗಿಕದಲ್ಲೂ ಪ್ರತ್ಯೇಕವಾಗಿ ಶೇ. 50 ಬೇಕು.

ಪ್ರಶ್ನೆ: ಕಾರವಾರದ ಮಾಜಾಳಿಯವಳು. ಕರ್ನಾಟಕದಲ್ಲಿ ಜಿಎನ್‌ಎಂ ಮಾಡಿ ಗೋವಾದಲ್ಲಿ ಕೆಲಸ ಮಾಡಬಹುದೆ?

ಉತ್ತರ: ಮಾಡಬಹುದು. ಮೊದಲು ಕರ್ನಾಟಕದಲ್ಲಿ ರಿಜಿಸ್ಟ್ರೇಷನ್ ಮಾಡಿಸಿ, ಆಮೇಲೆ ಅದರ ಆಧಾರದ ಮೇಲೆ ಗೋವಾದ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಖಾಸಗಿ ಆಸ್ಪತ್ರೆಗಳಿಗೆ ಇಷ್ಟು ಸಾಕು, ನಿಮ್ಮ ಕೊಂಕಣಿ ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಗೋವಾ ಸರ್ಕಾರಿ ಹುದ್ದೆಗೆ ಮಾತ್ರ 15 ವರ್ಷದ ವಾಸ ಪ್ರಮಾಣಪತ್ರ ಕೇಳುತ್ತಾರೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗೆ ಮಾತ್ರ, ಗಡಿ ದಾಟಿದ ಮೇಲಿನ ಬಸ್ ಖರ್ಚನ್ನು ಸಂಬಳದಲ್ಲಿ ಕಳೆದು ನೋಡಿ.

ಪ್ರಶ್ನೆ: ಎದೆಹಾಲು ಕುಡಿಯುವ ಮಗುವಿದೆ. ಮುಂದಿನ ತಿಂಗಳಿಂದ ವಾರ್ಡ್ ಪೋಸ್ಟಿಂಗ್. ಲಸಿಕೆ ಹಾಕಿಸಿಕೊಳ್ಳಬಹುದೆ?

ಉತ್ತರ: ಹೆಪಟೈಟಿಸ್ ಬಿ (ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕು) ಲಸಿಕೆಯನ್ನು ಹಾಲೂಡಿಸುವವರೂ ಹಾಕಿಸಿಕೊಳ್ಳಬಹುದು, ಮಗುವಿಗೆ ತೊಂದರೆಯಿಲ್ಲ. ಮೂರು ಡೋಸು: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಇವತ್ತೇ ಶುರು ಮಾಡಿದರೂ ಪೋಸ್ಟಿಂಗ್ ಹೊತ್ತಿಗೆ ಪೂರ್ತಿ ರಕ್ಷಣೆ ಬಂದಿರುವುದಿಲ್ಲ. ಅಲ್ಲಿಯವರೆಗೆ ಬಳಸಿದ ಸೂಜಿಗೆ ಮುಚ್ಚಳ ತಿರುಗಿ ಹಾಕಲೇಬೇಡಿ, ನೇರ ಸೂಜಿ ಡಬ್ಬಿಗೆ ಹಾಕಿ. ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ಆ ಕ್ಷಣವೇ ವಾರ್ಡ್ ಮೇಲ್ವಿಚಾರಕರಿಗೆ ತಿಳಿಸಿ. ಎಚ್‌ಐವಿ ತಡೆಯ ಔಷಧ ಬೇಕಾದರೆ ಅದು ಗಂಟೆಗಳೊಳಗೆ, ತಡವೆಂದರೂ 72 ಗಂಟೆಯೊಳಗೆ ಶುರುವಾಗಬೇಕು. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ನೋಡಿಸಿ. 10ಕ್ಕಿಂತ ಕಡಿಮೆ ಬಂದರೆ ವೈದ್ಯರಿಗೆ ತೋರಿಸಿ, ಲಸಿಕೆ ಮತ್ತೆ ಹಾಕಿಸಿಕೊಳ್ಳಬೇಕಾಗುತ್ತದೆ.