ಅಜೈಲ್ ತಂಡದಲ್ಲಿ ಕಿರಿಯರು ಬಾಯಿ ಬಿಡದಿದ್ದರೆ ಏನು ಮಾಡಬೇಕು?

‘ನಮ್ಮದು ಅಜೈಲ್ ತಂಡ, ಅಂದರೆ ತಂತ್ರಾಂಶವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಟ್ಟುತ್ತ, ಬಳಸುವವರ ಮಾತು ಕೇಳಿ ತಿದ್ದಿಕೊಳ್ಳುವ ತಂಡ. ಬೆಳಿಗ್ಗೆ ಸ್ಟ್ಯಾಂಡ್‌ಅಪ್ (ನಿಂತೇ ನಡೆಸುವ ಚುಟುಕು ಸಭೆ) ತಪ್ಪದೆ ನಡೆಯುತ್ತದೆ, ಆದರೆ ಮ್ಯಾನೇಜರ್ ಬಿಟ್ಟು ಯಾರೂ ತುಟಿ ಬಿಚ್ಚುವುದಿಲ್ಲ. ಗೌರವ, ಧೈರ್ಯ ಎಂಬುದೆಲ್ಲ ಪುಸ್ತಕದ ಬದನೆಕಾಯಿಯೇ?’ ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ನಾನು ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ಲೆಕ್ಕಪತ್ರದ ತಂತ್ರಾಂಶ ಬರೆಯುವ ಸಣ್ಣ ತಂಡದಲ್ಲಿದ್ದೇನೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಕಲೆತು ಬರೆದ ಅಜೈಲ್ ಪ್ರಣಾಳಿಕೆಯ ನಾಲ್ಕು ಮೌಲ್ಯಗಳಲ್ಲಿ ಮೊದಲನೆಯದೇ ಮನುಷ್ಯರ ಒಡನಾಟದ ಬಗ್ಗೆ. ಪ್ರಕ್ರಿಯೆ, ಸಲಕರಣೆಗಳೆಲ್ಲ ಆಮೇಲೆ. ಅಜೈಲ್‌ನ ಹೆಸರಾಂತ ವಿಧಾನವಾದ ಸ್ಕ್ರಮ್‌ನ ಮಾರ್ಗದರ್ಶಿಗೂ 2016ರಲ್ಲಿ ಬದ್ಧತೆ, ಏಕಾಗ್ರತೆ, ಮುಕ್ತತೆ, ಗೌರವ, ಧೈರ್ಯ ಎಂಬ ಮೌಲ್ಯಗಳು ಸೇರಿದವು. ಕಿರಿಯರಿಂದ ಧೈರ್ಯ ಬಯಸುವ ಮೊದಲು ಹಿರಿಯರು ಗೌರವ ಕೊಡಬೇಕು ಎನ್ನುವುದು ನನ್ನ ದೃಢ ನಂಬಿಕೆ.

ನಮ್ಮಲ್ಲಿ ಕೊಯ್ಲಿನ ತೂಕ ದಾಖಲಿಸುವ ಪರದೆ ಸಿದ್ಧವಾಗುತ್ತಿತ್ತು: ಒಂದು ಹೆಸರು, ಒಂದು ತೂಕ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ‘ಇದು ತೋಟದಲ್ಲಿ ನಡೆಯುವುದಿಲ್ಲ ಸರ್’ ಎಂದಳು. ನಮ್ಮ ಹಿರಿಯರು ವಾದಕ್ಕಿಳಿಯಲಿಲ್ಲ, ‘ನಡೆಯಿರಿ, ನೋಡಿಯೇ ಬರೋಣ’ ಎಂದರು. ಸಂಜೆ ತಕ್ಕಡಿಯ ಮುಂದೆ ಸಾಲು. ಕತ್ತಲಾಗುವುದರೊಳಗೆ ಎಲ್ಲರ ತೂಕ ಮುಗಿಯಬೇಕು, ಮೊಬೈಲಿಗೆ ಸಿಗ್ನಲ್ ಇಲ್ಲ. ಗಂಡ ಹೆಂಡತಿ ಹಣ್ಣನ್ನು ಒಂದೇ ಚೀಲಕ್ಕೆ ಕೊಯ್ದು ತಂದಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ತಮ್ಮ ಪುಸ್ತಕದಲ್ಲಿ ಎರಡು ಹೆಸರಿಗೂ ಸೇರಿಸಿ ಒಂದು ಆವರಣ ಎಳೆದು, ಪಕ್ಕದಲ್ಲಿ ಒಂದೇ ಅಂಕಿ ಬರೆದರು. ನಮ್ಮ ಪರದೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ! ಕೊಯ್ಲಿನ ಕೂಲಿ ಕಿಲೋ ಲೆಕ್ಕದ್ದು. ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ಅವರ ಹೊಟ್ಟೆಯ ಮೇಲೆ. ಅಂದಿನಿಂದ ಪ್ರತಿ ಸ್ಪ್ರಿಂಟಿನ (ಕೆಲವೇ ವಾರಗಳ ಕೆಲಸದ ಸುತ್ತಿನ) ಕೊನೆಯಲ್ಲಿ, ಮಾಡಿದ್ದನ್ನು ತೋರಿಸುವ ಡೆಮೊಗೆ ಆ ರೈಟರನ್ನೇ ಕರೆಯುತ್ತೇವೆ. ಪ್ರಣಾಳಿಕೆಯ ಇನ್ನೊಂದು ಮೌಲ್ಯವಾದ ಗ್ರಾಹಕರೊಂದಿಗೆ ಸಹಯೋಗ ಎಂದರೆ ಮಾಲೀಕರೊಂದಿಗೆ ಮಾತ್ರ ಮಾತನಾಡುವುದಲ್ಲ.

ಇನ್ನು ನಿಮ್ಮ ತಂಡದ ವಿಷಯ. ಸ್ಟ್ಯಾಂಡ್‌ಅಪ್ ಇರುವುದು 15 ನಿಮಿಷ, ಅದೂ ಕೆಲಸ ಮಾಡುವವರು ಆ ದಿನದ ಕೆಲಸವನ್ನು ತಮ್ಮತಮ್ಮಲ್ಲಿ ಹೊಂದಿಸಿಕೊಳ್ಳಲು. ಮ್ಯಾನೇಜರಿಗೆ ವರದಿ ಒಪ್ಪಿಸಲು ಅಲ್ಲ. ಆದ್ದರಿಂದ ಅವರು ಕೊನೆಯಲ್ಲಿ ಮಾತನಾಡಲಿ. ಯಾರಾದರೂ ‘ಇದು ಗುರುವಾರದೊಳಗೆ ಆಗದು’ ಎಂದರೆ, ‘ಯಾಕೆ ಆಗದು?’ ಎಂದು ಗದರುವ ಬದಲು ‘ಏನು ಅಡ್ಡಿಯಾಗಿದೆ, ಯಾರು ಕೈಜೋಡಿಸಬೇಕು?’ ಎಂದು ಕೇಳಲಿ. ಎಲ್ಲರೆದುರು ಇದನ್ನು ಹೇಳಲು ಹಿಂಜರಿಕೆಯಾದರೆ ಅವರೊಬ್ಬರೇ ಇರುವಾಗ ಹೇಳಿ ನೋಡಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೂ, ಪಕ್ಕದ ಕುರ್ಚಿಯವರಿಗೆ ಆ ಪ್ರಶ್ನೆ ಕೇಳಲು ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ.