ಕವಳಿ ಬೇಲಿಯ ತುದಿ ಕತ್ತರಿಸಲು ಹೆದರಬೇಡಿ

ಪ್ರಶ್ನೆ: ಅಕ್ಕಾ, ಧಾರವಾಡದ ಹತ್ತಿರ ನಮ್ಮದು 2 ಎಕರೆ ಮಾವಿನ ತೋಟ. ಮಸಾರಿ (ಕೆಂಪು ಮಣ್ಣಿನ) ನೆಲ. ತಂತಿ ಬೇಲಿಗೆ ದುಡ್ಡು ಸಾಲಲಿಲ್ಲ. ಆರಿದ್ರಾ ಮಳೆಗೆ ರಸ್ತೆ ಬದಿಯಲ್ಲಿ 2 ಅಡಿಗೊಂದರಂತೆ 150 ಕವಳಿ (ಕರಂಡೆ, ಮುಳ್ಳಿನ ಹಣ್ಣಿನ ಗಿಡ) ಸಸಿ ನೆಟ್ಟೆವು. ಈಗ ಸೆಪ್ಟೆಂಬರ್. 15 ಸಸಿ ಒಣಗಿವೆ, ಉಳಿದವು ಒಂದೂವರೆ ಅಡಿ ಆಗಿವೆ. ಪಕ್ಕದ ಹೊಲದವರು ತುದಿ ಕತ್ತರಿಸು ಅಂತಾರೆ. ನನಗೆ ಮನಸ್ಸೇ ಬರುತ್ತಿಲ್ಲ. ಬೇಸಿಗೆಗೆ ಏನು ಮಾಡಲಿ?

ಉತ್ತರ: ಪಕ್ಕದವರ ಮಾತು ಕೇಳು ತಮ್ಮಾ. ನಾನು ಕೇಳಿರಲಿಲ್ಲ. ನಮ್ಮ ಮೊದಲ ಬೇಲಿ ಮೂರು ವರ್ಷಕ್ಕೆ ಆಳೆತ್ತರ ಆಯ್ತು, ಬುಡ ಮಾತ್ರ ಬೋಳು. ಊರ ನಾಯಿ, ಕೋಳಿ ಎಲ್ಲಾ ಅಡಿಯಿಂದಲೇ ಓಡಾಡುತ್ತಿದ್ದವು. "ಇದೇನು ಬೇಲಿನೋ, ಛತ್ರಿ ಸಾಲೋ?" ಅಂದರು ನಮ್ಮತ್ತೆ. ಕೊನೆಗೆ ಮೊಣಕಾಲ ಮಟ್ಟಕ್ಕೆ ಕಡಿದು ಮತ್ತೆ ಚಿಗುರಿಸಬೇಕಾಯ್ತು.

ತುದಿ ಹೋದರೆ ಪಕ್ಕದ ಮೊಗ್ಗು ಒಡೆಯುತ್ತವೆ, ಗಿಡ ಬುಡದಿಂದಲೇ ತುಂಬುತ್ತದೆ. ನೆಲದಲ್ಲಿ ಹಸಿ ಇರುವಾಗಲೇ, ಈ ವಾರದಲ್ಲೇ, 1 ಅಡಿಗೆ ಕತ್ತರಿಸು. ಹಾಲು ಸೋರಿ ಕೈಗೆ ಅಂಟುತ್ತದೆ, ಮೊದಲೇ ಕೊಬ್ಬರಿ ಎಣ್ಣೆ ಸವರಿಕೋ. ಮುಳ್ಳಿನ ಬಗ್ಗೆ ನಾನು ಹೇಳಬೇಕಿಲ್ಲ ಅಲ್ವಾ?

ಒಣಗಿದ ಕಡೆ ಹೊಸ ಸಸಿ ಹಾಕೋದು ಈಗಲೇ, ಹಸ್ತ ಮಳೆ ಮುಗಿಯುವುದರೊಳಗೆ. ಮುಂದಿನ ವರ್ಷ ನೋಡೋಣ ಅಂತ ಬಿಟ್ಟರೆ ದೊಡ್ಡ ಗಿಡಗಳ ನೆರಳಲ್ಲಿ ಮರಿ ಸಸಿ ಏಳೋದಿಲ್ಲ. ಆ ಕಂಡಿಯೇ ದನಗಳಿಗೆ ದಾರಿ.

ಮಳೆ ನಿಂತ ಮೇಲೆ ಬುಡದ ಸುತ್ತ ಒಂದೂವರೆ ಅಡಿ ಕಳೆ ಕಿತ್ತುಬಿಡು. ಗರಿಕೆ ಮುಖ್ಯ, ಸಸಿಗೆ ಹಾಕಿದ ನೀರನ್ನೆಲ್ಲಾ ಅದೇ ಕುಡಿಯುತ್ತದೆ. ಆಮೇಲೆ ಸೋಯಾ ಹೊಟ್ಟೋ, ಮಾವಿನ ಒಣ ಎಲೆಯೋ ಹಾಸು. ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ, ಒತ್ತಿ ಹಾಕಿದರೆ ಗೆದ್ದಲು ಹತ್ತುತ್ತದೆ.

ಕವಳಿಗೆ ನೀರು ಬೇಡ ಅನ್ನೋರು ದೊಡ್ಡ ಗಿಡದ ಮಾತು ಹೇಳ್ತಾರೆ. ಮೊದಲ ಬೇಸಿಗೆ ಬೇರೆ. ಜನವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ, ಎರಡು ಗಿಡಕ್ಕೆ ಒಂದು ಕೊಡ. ದಿನಾ ಚೊಂಬು ಚೊಂಬು ಹಾಕೋದು ಸುಮ್ನೆ ದಂಡ, ಬೇರು ಮೇಲೇ ಉಳಿಯುತ್ತದೆ. ಆಡು ಎಳೆ ಚಿಗುರು ಬಿಡೋದಿಲ್ಲ. ಹೊರಬದಿಗೆ ಜಾಲಿ ಮುಳ್ಳು ಒಡ್ಡಿದರೆ ಒಂದು ವರ್ಷ ದಾಟುತ್ತದೆ.

ಮುಂದಿನ ಜೂನ್‌ನಲ್ಲಿ ಮತ್ತೊಮ್ಮೆ ಕತ್ತರಿಸು, ಹೊಸದಾಗಿ ಬೆಳೆದದ್ದರಲ್ಲಿ ಅರ್ಧ. ಆಕಾರ ಹುಲ್ಲಿನ ಬಣವೆ ಥರ, ಕೆಳಗೆ ಅಗಲ, ಮೇಲೆ ಕಿರಿದು. ಕೆಳಗಿನ ಎಲೆಗೂ ಬಿಸಿಲು ಬೀಳಬೇಕು. ಗಿಡ ಕಾಯಿ ಬಿಡಲು ಶುರು ಮಾಡಿದ ಮೇಲೆ ಚಳಿಗಾಲದಲ್ಲಿ ಕತ್ತರಿ ಹಾಕಬೇಡ. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಬರುತ್ತದೆ, ಅದಕ್ಕೆ ಮುಂಚೆ ಕತ್ತರಿಸಿದರೆ ಕಾಯಿ ಹೋಯ್ತು. ಆಗ ಹಣ್ಣಾದ ಮೇಲೇ ಕತ್ತರಿ. ಬೇಲಿ ಗಟ್ಟಿ ಆಗಲು ಮೂರು ನಾಲ್ಕು ವರ್ಷ ಬೇಕು.

ಎಳೆ ಕಾಯಿ ಉಪ್ಪಿನಕಾಯಿಗೆ ಬಹಳ ಚೆನ್ನ. ಆದರೆ ರಸ್ತೆ ಬದಿ ಅಂದಿಯಲ್ಲ, ಹೊರಗಿನ ಕಾಯಿ ನಿನಗೆ ಸಿಗೋದು ಅನುಮಾನ. ಶಾಲೆ ಮಕ್ಕಳು ಬಿಡೋದಿಲ್ಲ.